ದಿಂಬಿನ ಕೆಳಗಿನ ಗುಳಿಗೆಗಳು

ನರಗುಂದದ ಕಾಳಿನ ವ್ಯಾಪಾರಿ ಪ್ರಭುಲಿಂಗಪ್ಪನವರ ಹೃದಯ ದುರ್ಬಲವಾಗಿದೆ ಎಂದು ಡಾಕ್ಟರು ಹೇಳಿ ವರ್ಷವಾಗಿತ್ತು. ಸ್ವಲ್ಪ ನಡೆದರೂ ದಮ್ಮು ಹತ್ತುತ್ತಿತ್ತು. ಹಿತ್ತಲಿನ ಪಾಯಖಾನೆಗೆ ಹೋಗಲೂ ಹೆಂಡತಿ ಚನ್ನವ್ವನ ಹೆಗಲು ಬೇಕು. ಬೇರೆ ಯಾರನ್ನೂ ಅವರು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ.

ಹೀಗಿರುವಾಗ ಚನ್ನವ್ವನಿಗೇ ಸೊಂಟ ಹಿಡಿಯಿತು. ಮಗ ಸಿದ್ದಾರೂಢ ಬೆಳಿಗ್ಗೆಯೇ ಅಂಗಡಿಗೆ ಹೋಗುತ್ತಿದ್ದ. ಮನೆಯಲ್ಲಿ ಉಳಿದವಳು ಸೊಸೆ ಶ್ವೇತಾ.

“ಮಾವಾರ, ನನ್ನ ಕೈ ಹಿಡಕೋರಿ, ಹೋಗೂಣು.”

“ಬ್ಯಾಡವ್ವಾ, ಈಗ ಬಂದಿಲ್ಲ.”

ಅವರು ತಿನ್ನುವ ಗುಳಿಗೆಗಳಲ್ಲಿ ಒಂದು ಮೈಯೊಳಗಿನ ಹೆಚ್ಚಿನ ನೀರನ್ನು ಮೂತ್ರದಲ್ಲಿ ಹೊರಹಾಕುವಂಥದ್ದು. ಅದನ್ನು ತಿಂದರೆ ಮೇಲಿಂದ ಮೇಲೆ ಏಳಬೇಕು. ಅದಕ್ಕೇ ಅದೊಂದನ್ನು ದಿಂಬಿನ ಕೆಳಗೆ ಸರಿಸತೊಡಗಿದರು. ಕಾಲು ಬಾತವು, ಧೋತರ ಇಳಿಬಿಟ್ಟು ಮುಚ್ಚಿಕೊಂಡರು. ಒಂದು ಮಧ್ಯಾಹ್ನ ಮಲಗಲಾರದೆ ಗೋಡೆಗೆ ಒರಗಿ ತೇಕುತ್ತಿದ್ದರು. ಅವರ ತುಟಿ ನೀಲಿಗಟ್ಟಿದ್ದನ್ನು ಕಂಡ ಶ್ವೇತಾ ೧೦೮ಕ್ಕೆ ಫೋನ್ ಮಾಡಿದಳು. ಗದಗಿನಲ್ಲಿ ಚಿಕಿತ್ಸೆಯಾಗಿ ಜೀವ ಉಳಿಯಿತು.

ಮನೆಗೆ ಮರಳಿದ ಮೇಲೆ ನೋಡಲು ಬಂದ ಆಶಾ ಕಾರ್ಯಕರ್ತೆ ಉಮಾಳಿಗೆ ಶ್ವೇತಾ ದಿಂಬಿನ ಕೆಳಗೆ ಸಿಕ್ಕ ಆ ಗುಳಿಗೆಗಳನ್ನು ತೋರಿಸಿದಳು.

“ಯಾಕ ಬಿಟ್ರಿ, ಯಜಮಾನ್ರ?” ಉಮಾ ಕೇಳಿದಳು.

ಪ್ರಭುಲಿಂಗಪ್ಪನವರು ಧೋತರದ ಅಂಚನ್ನು ಕಾಲ ಮೇಲೆ ಎಳೆದುಕೊಂಡರು. “ಒಂದಕ್ಕ ಹೋಗಾಕ ಸೊಸಿ ಕೈ ಹಿಡೀಲೇನು? ಅದಕ್ಕಿಂತ ಗುಳಗಿ ಬಿಡೂದ ಚಲೋ ಅನಿಸ್ತವ್ವಾ.”

ಶ್ವೇತಾಳ ಕಣ್ಣು ತುಂಬಿದವು. “ಗದಗಿನ ತನಕ ನಿಮ್ಮನ್ನ ಹೆಗಲಿಗೆ ಒರಗಿಸ್ಕೊಂಡ ಹೋದಾಕಿ ನಾನ ಅಲ್ರಿ, ಮಾವಾರ?”

“ಈ ಬ್ಯಾನಿಗೆ ಆಸರ ಬೇಕ ಬೇಕ್ರಿ,” ಎಂದಳು ಉಮಾ. “ಆದ್ರ ಎಲ್ಲಾ ಚನ್ನವ್ವಾರ ಒಬ್ಬರ ಮ್ಯಾಲ ಹಾಕಿದ್ರ ಅವರೂ ಹಾಸಿಗಿ ಹಿಡೀತಾರ. ಕೆಲಸ ಹಂಚ್ಕೋರಿ. ನಾಚಿಕಿ ಆಗೂದಕ್ಕ ಬ್ಯಾರೆ ದಾರಿ ಹುಡುಕೂಣು.”

ಸಿದ್ದಾರೂಢ ಕೂತು ಹೋಗುವ ಕಮೋಡ್ ಕುರ್ಚಿ ತಂದು, ಮಂಚದ ಪಕ್ಕದಲ್ಲೇ ಇಟ್ಟು ಪರದೆ ಕಟ್ಟಿದ. ಅಪ್ಪನ ಸ್ನಾನ ಮುಗಿಸಿಯೇ ಅಂಗಡಿಗೆ ಹೊರಟ. ಶ್ವೇತಾ ಅಡುಗೆಯಲ್ಲಿ ಉಪ್ಪು ಕಡಿಮೆ ಮಾಡಿದಳು, ಉಪ್ಪಿನಕಾಯಿ ಎತ್ತಿಟ್ಟಳು. ಮೈಯಲ್ಲಿ ಮತ್ತೆ ನೀರು ನಿಂತಿತೇ ಎಂದು ತಿಳಿಯಲು ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳುವ ಕೆಲಸ ಮಾತ್ರ ಪ್ರಭುಲಿಂಗಪ್ಪನವರದೇ.

ಕೆಲವು ದಿನ ಕಳೆದ ಮೇಲೆ ಅವರೇ ಕೂಗಿದರು: “ಶ್ವೇತಾ, ನನ್ನ ಕಾಲ ಸ್ವಲ್ಪ ಒತ್ತಿ ನೋಡವ್ವಾ, ಬಾವು ಬಂದೈತೇನು?”

ಓದುಗರೇ, ನಿಮ್ಮ ಮನೆಯಲ್ಲೂ ಹೃದಯ ದುರ್ಬಲವಾದವರಿದ್ದರೆ, ಗುಳಿಗೆ ಯಾಕೆ ಉಳಿಯಿತೆಂದು ಗದರದೆ ಕೇಳಿ. ಡಾಕ್ಟರನ್ನು ಕೇಳದೆ ಯಾವ ಗುಳಿಗೆಯನ್ನೂ ಬಿಡಬೇಡಿ. ತೂಕ ಒಮ್ಮೆಲೇ ಏರಿದರೆ, ಕಾಲು ಬಾತರೆ, ಮಲಗಿದಾಗ ದಮ್ಮು ಹತ್ತಿದರೆ ಕೂಡಲೇ ದವಾಖಾನೆಗೆ ಹೋಗಿ. ಆರೈಕೆ ಮಾಡುವವರಿಗೂ ವಿಶ್ರಾಂತಿ ಕೊಡಿ. ಕಾಯಿಲೆ ನಿಮ್ಮದೇ ಆಗಿದ್ದರೆ, ಬಾಯಿಬಿಟ್ಟು ಸಹಾಯ ಕೇಳಿ. ನೀವು ಕೇಳಲೆಂದೇ ಮನೆಯವರು ಕಾಯುತ್ತಿರಬಹುದು.