ಕಾಲು ತುಂಬಿತ್ತು, ತೋಳು ಬತ್ತಿತ್ತು

ಹುಬ್ಬಳ್ಳಿಯ ದವಾಖಾನೆಯಿಂದ ಗಂಡನನ್ನು ಇಳಕಲ್ಲಿಗೆ ಕರೆತಂದು ಮೂರು ವಾರವಾಗಿತ್ತು. ಅಂದು ಬೆಳಿಗ್ಗೆ ಬಿಸಿನೀರಿನ ಬಟ್ಟೆಯಿಂದ ಅಂದಪ್ಪನ ಪಾದ ಒರೆಸುತ್ತಿದ್ದಾಗ ಸಂಗವ್ವನ ಕೈ ಒಂದು ಗಳಿಗೆ ನಿಂತಿತು. ಎಲುಬು ಎದ್ದು ಕಾಣುತ್ತಿದ್ದ ಕಾಲುಗಳು ದುಂಡಗೆ ತುಂಬಿಕೊಂಡಿದ್ದವು.

"ಅತ್ತಿ, ಇಲ್ಲಿ ನೋಡ್ರಿ. ಕಾಲು ತುಂಬ್ಯಾವು."

ಅತ್ತೆ ಲಗಮವ್ವ ಬಗ್ಗಿ ನೋಡಿದಳು. "ನಾ ಹೇಳಿದ್ದಿಲ್ಲೇನು? ಪಥ್ಯ ಬಿಗಿ ಹಿಡದ್ರ ಮೈ ತಾನ ಹತ್ತತೈತಿ."

ಅಂದಪ್ಪ ಸೀರೆ ನೇಯುವವನು. ವರ್ಷದಿಂದ ಅವನಿಗೆ ಹೊಟ್ಟೆಯ ಮೇಲ್ಭಾಗದಲ್ಲಿ ಹುಟ್ಟಿದ ನೋವು ಬೆನ್ನಿಗೆ ಹಾಯುತ್ತಿತ್ತು. ಜಠರದ ಹಿಂದೆ ಮೇದೋಜೀರಕ ಗ್ರಂಥಿ ಎಂಬುದೊಂದಿದೆ. ಉಂಡದ್ದನ್ನು ಕರಗಿಸುವ ರಸ ಅಲ್ಲಿಂದ ಬರುತ್ತದೆ. ಅದರಲ್ಲಿ ಗಡ್ಡೆ ಇದೆಯೆಂದು ಡಾಕ್ಟರು ಗ್ರಂಥಿಯ ಒಂದು ಭಾಗವನ್ನೇ ತೆಗೆದಿದ್ದರು. ಆಪರೇಶನ್ ಚೆನ್ನಾಗಿಯೇ ಆಗಿತ್ತು.

ಮನೆಗೆ ಬಂದ ಮೇಲೆ ಮಗನ ಆರೈಕೆಯನ್ನು ಲಗಮವ್ವ ತಾನೇ ವಹಿಸಿಕೊಂಡಳು. ಬೇಳೆ ಕೊಟ್ಟರೆ ಹೊಲಿಗೆಯಲ್ಲಿ ಕೀವಾಗುತ್ತದೆ, ಹಾಲು ಕೊಟ್ಟರೆ ಕಫ ಎಂಬುದು ಅವಳ ನಂಬಿಕೆ. ಉಳಿದದ್ದು ಅಕ್ಕಿ ಗಂಜಿ, ಉಪ್ಪು. ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಣಿಗೆ ಹಲಗೆ ಮುಚ್ಚಿಸಿ, ಪಕ್ಕದಲ್ಲೇ ಹೊರಸು ಹಾಕಿಸಿ, "ಕಾಲು ನೆಲಕ್ಕ ಇಟ್ರ ಹೊಲಿಗಿ ಬಿಚ್ಚತೈತಿ" ಎಂದು ಮಗನನ್ನು ಮಲಗಿಸಿಬಿಟ್ಟಿದ್ದಳು. ಅವಳದು ಗಡಸು ಮನಸ್ಸಲ್ಲ, ಹೆದರಿಕೆ. ಶಿರೂರಿನಲ್ಲಿದ್ದ ಅವಳ ತಮ್ಮ ಕಾಶಪ್ಪ ಹೊಟ್ಟೆಯ ಆಪರೇಶನ್ ಆಗಿ ಮನೆಗೆ ಬಂದು, ಎರಡೇ ತಿಂಗಳಲ್ಲಿ ತೀರಿಹೋಗಿದ್ದ.

ಸಂಗವ್ವ ತನ್ನ ರೊಟ್ಟಿ, ಬೇಳೆಪಲ್ಯವನ್ನು ಹಿತ್ತಲಿಗೆ ಒಯ್ದು ಉಣ್ಣುತ್ತಿದ್ದಳು. ಒಗ್ಗರಣೆಯ ವಾಸನೆ ಬಂದರೆ ಅಂದಪ್ಪ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದ. ಅದನ್ನು ನೋಡುವುದು ಅವಳಿಂದ ಆಗುತ್ತಿರಲಿಲ್ಲ.

ಅದೇ ದಿನ ಓಣಿಯ ಕೂಸುಗಳಿಗೆ ಲಸಿಕೆ ಹಾಕಲು ಆರೋಗ್ಯ ಕೇಂದ್ರದ ನರ್ಸ್ ಸುಗರಾ ಬಂದಿದ್ದರು. ಅಂದಪ್ಪನನ್ನು ನೋಡಿಹೋಗೋಣವೆಂದು ಒಳಗೆ ಬಂದರು.

"ಕಾಲು ತುಂಬ್ಯಾವ್ರಿ ಬಾಯಾರ," ಎಂದಳು ಸಂಗವ್ವ ಆಸೆಯಿಂದ.

ಸುಗರಾ ಅಂದಪ್ಪನ ಪಾದದ ಮೇಲೆ ಹೆಬ್ಬೆರಳಿಟ್ಟು ಒತ್ತಿ ಹಿಡಿದು, ಬಿಟ್ಟರು. ನಾದಿದ ಹಿಟ್ಟಿನ ಮೇಲೆ ಒತ್ತಿದಂತೆ ತಗ್ಗು ಹಾಗೆಯೇ ಉಳಿಯಿತು. ಸಂಗವ್ವ ನೋಡುತ್ತ ನಿಂತಳು. ತಗ್ಗು ಮೇಲೆ ಬರಲಿಲ್ಲ.

"ಮಾಂಸ ಆಗಿದ್ರ ಇಷ್ಟೊತ್ತಿಗೆ ತುಂಬಿಕೋತಿತ್ತು. ಇದು ನೀರು, ಸಂಗವ್ವಾ. ಊಟದಾಗ ಸತ್ವ ಇಲ್ಲಂದ್ರ ಹಿಂಗ ನೀರು ನಿಂದರತೈತಿ. ಬ್ಯಾರೆ ಕಾರಣಾನೂ ಇರಬಹುದು. ನಾಳೆ ಡಾಕ್ಟರಿಗೆ ತೋರಸಲೇಬೇಕು. ಊಟಕ್ಕ ಏನು ಕೊಡತೀರಿ?"

"ಗಂಜಿ."

"ಮತ್ತ?"

"ಗಂಜೀನ ರಿ."

ಲಗಮವ್ವನಿಗೆ ಸಿಟ್ಟು ಬಂತು. "ನೀವು ಕೂಸುಗಳಿಗೆ ಸೂಜಿ ಚುಚ್ಚಾಕ ಬಂದೋರು. ಚುಚ್ಚಿ ಹೋಗ್ರಿ. ನನ್ನ ಮಗನ ಪಥ್ಯ ಕೆಡಸಬ್ಯಾಡ್ರಿ."

"ನಿಮಗೂ ಒಂದು ಸೂಜಿ ಉಳಿಸಿಕೊಂಡೇನಿ ಯವ್ವಾ, ತಡೀರಿ," ಎಂದು ಸುಗರಾ ನಕ್ಕರು. ಹೊರಸಿನಲ್ಲಿದ್ದ ಅಂದಪ್ಪನೂ ತುಸು ನಕ್ಕ. ಆಮೇಲೆ ಅವರು ಅವನ ಮುಂಗೈಯಲ್ಲಿದ್ದ ತಾಯಿತ ನೋಡಿದರು. "ಇದನ್ನ ಯಾರು ಕಟ್ಟಿದ್ದು?"

"ನಾನ. ಮಹಾಕೂಟದಿಂದ ತಂದು, ದವಾಖಾನಿಗೆ ಹೋಗೋ ದಿನ ಕಟ್ಟೀನಿ," ಎಂದಳು ಲಗಮವ್ವ.

"ಮುಂಗೈಗೆ?"

"ಮುಂಗೈಗೆ ಯಾಕ ಕಟ್ಟಲಿ? ರಟ್ಟಿಗೆ. ಬಿಗಿ ಆತು, ನೋಯತೈತಿ ಅಂದ. ಇರಲಿ ಅಂದೆ."

"ಗಂಟು ಸಡಲೈತೇನು, ನೋಡ್ರಿ."

ಲಗಮವ್ವ ಗಂಟನ್ನು ಮುಟ್ಟಿ ನೋಡಿದಳು. ತನ್ನದೇ ಗಂಟು, ಕದಲಿರಲಿಲ್ಲ. ತಾಯಿತವನ್ನು ಮೊಳಕೈ ದಾಟಿಸಿ ತೋಳಿಗೆ ಏರಿಸಿದಳು. ಕೈ ಬಿಟ್ಟೊಡನೆ ಅದು ಕೆಳಗೆ ಜಾರಿತು. ಮತ್ತೊಮ್ಮೆ ಏರಿಸಿದಳು. ಮತ್ತೆ ಜಾರಿತು. ಅವಳು ನೆಲದ ಮೇಲೆ ಕುಳಿತುಬಿಟ್ಟಳು.

ಸುಗರಾ ಅವಳ ಪಕ್ಕದಲ್ಲಿ ಕುಳಿತರು. "ಯವ್ವಾ, ಗಾಯ ಮಾಯಬೇಕಂದ್ರ ಮೈಗೆ ಸತ್ವ ಬೇಕು. ಊಟದಾಗ ಸಿಗಲಿಲ್ಲಂದ್ರ ಮೈ ತನ್ನ ಸ್ನಾಯುನ್ನ ತಾನ ಕರಗಿಸಿಕೋತೈತಿ. ಮಲಗೇ ಇದ್ರ ಇನ್ನೂ ಲಗೂನ ಕರಗತೈತಿ. ಮೊದಲ ತೊಡಿ, ರಟ್ಟಿ. ಆಮ್ಯಾಲೆ ಉಸಿರಾಡೋ ಸ್ನಾಯು, ಕೆಮ್ಮೋ ಸ್ನಾಯು. ಕೆಮ್ಮಾಕ ಬಲ ಇಲ್ಲಂದ್ರ ಕಫ ಎದಿಯಾಗ ಉಳದು ನ್ಯುಮೋನಿಯಾ ಆಗತೈತಿ. ಆಪರೇಶನ್ ಚಲೋ ಆದ ಎಷ್ಟೋ ಮಂದಿ ಮನಿಗೆ ಬಂದ ಮ್ಯಾಲೆ ಹಿಂಗ ಕೈ ಬಿಟ್ಟು ಹೋಗ್ಯಾರ."

ಲಗಮವ್ವ ಮಗನ ಮುಂಗೈಯ ತಾಯಿತವನ್ನು ಹಿಡಿದುಕೊಂಡಳು.

"ನಮ್ಮ ಕಾಶಪ್ಪಗೂ ಕಡೀಕ ಕಫಾನ ಕಟ್ಟಿತ್ತು. ಬ್ಯಾಳಿ ಬೇಕಂತ ಅತ್ತ. ನನ್ನ ಕೈಲೆ ಉಣಿಸಿದ್ದೆ. ಅದಕ್ಕ ಹೋದ ಅಂತ ಎಲ್ಲಾರೂ ಅಂದ್ರು."

"ಎಷ್ಟು ದಿನ ಉಣಿಸಿದ್ರಿ?"

"ಒಂದ ದಿನ. ಉಳದದ್ದೆಲ್ಲ ಗಂಜೀನ."

ಸಂಗವ್ವ ಅತ್ತೆಯ ಮುಖವನ್ನು ನೋಡಿದಳು. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದರೂ ಈ ಮಾತನ್ನು ಅವಳು ಕೇಳಿರಲಿಲ್ಲ.

"ಒಂದು ದಿನದ ಬ್ಯಾಳಿಗೆ ಯಾರೂ ಸಾಯಂಗಿಲ್ಲ ಯವ್ವಾ," ಎಂದರು ಸುಗರಾ ಮೆಲ್ಲಗೆ. "ಆ ಭಾರ ನೀವು ಹೊರಬ್ಯಾಡ್ರಿ."

ದವಾಖಾನೆಯಲ್ಲಿ ಕೊಟ್ಟ ಚೀಟಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಅದು ಇಂಗ್ಲಿಷಿನಲ್ಲಿದ್ದುದರಿಂದ ಮನೆಯಲ್ಲಿ ಯಾರೂ ಓದಿರಲಿಲ್ಲ. ಸುಗರಾ ಓದಿ ಹೇಳಿದರು. ದಿನಕ್ಕೆ ಆರು ಸಲ, ಸ್ವಲ್ಪ ಸ್ವಲ್ಪ ಊಟ. ಅದರಲ್ಲಿ ಬೇಳೆ, ಹಾಲು, ಮೊಸರು ಇಲ್ಲವೆ ಮೊಟ್ಟೆ ಇರಲೇಬೇಕು. ಎಣ್ಣೆ ತುಪ್ಪ ಕಡಿಮೆ. ಉಂಡದ್ದನ್ನು ಕರಗಿಸುವ ಗುಳಿಗೆಯನ್ನು ತುತ್ತುಗಳ ನಡುವೆ ನುಂಗಬೇಕು. ದಿನವೂ ನಡೆಯಬೇಕು.

"ತತ್ತಿ ನಮ್ಮಲ್ಲಿ ನಡೆಯಂಗಿಲ್ಲ," ಎಂದಳು ಲಗಮವ್ವ, ಇನ್ನೂ ತುಸು ಬಿಗಿಯಾಗಿ.

"ತತ್ತಿ ಬ್ಯಾಡ. ಹೆಸರಬ್ಯಾಳಿ ಮೆತ್ತಗ ಕುದಿಸ್ರಿ. ಹುರಗಡಲಿ ಹಿಟ್ಟು ಹಾಲಿನಾಗ ಕಲಸ್ರಿ. ಸಾಕು."

ಮರುದಿನ ಡಾಕ್ಟರು ರಕ್ತ, ಮೂತ್ರ ಪರೀಕ್ಷೆ ಮಾಡಿಸಿ ಅದೇ ಮಾತು ಹೇಳಿದರು. ಅಂದು ಅಂದಪ್ಪ ನಾಲ್ಕು ತುತ್ತು ಬೇಳೆ ಅನ್ನ ಉಂಡ. ಮುಂದಿನ ಮೂರು ಬೆಳಗೂ ಸಂಗವ್ವ ಅವನನ್ನು ಬಾಗಿಲ ಬೆಳಕಿನಲ್ಲಿ ಕೂರಿಸಿ ಹೊಲಿಗೆಯ ಗುರುತು ನೋಡಿದಳು. ಅವಳ ಬೆನ್ನ ಹಿಂದೆ ನಿಂತು ಲಗಮವ್ವನೂ ನೋಡಿದಳು. ಕೀವಿರಲಿಲ್ಲ.

ಎಂಟನೆಯ ದಿನ ಜಿಡ್ಡು ಜಿಡ್ಡಾಗಿ ಭೇದಿಯಾಯಿತು. "ನೋಡ್ದಿ? ನಿಮ್ಮ ಬ್ಯಾಳಿ," ಎಂದಳು ಲಗಮವ್ವ. ಸಂಗವ್ವ ಹೆದರಿ ಆರೋಗ್ಯ ಕೇಂದ್ರಕ್ಕೆ ಓಡಿದಳು. ಸುಗರಾ ವಿಚಾರಿಸಿದಾಗ, ಅಂದಪ್ಪ ಗುಳಿಗೆಯನ್ನು ಹಳೆಯ ರೂಢಿಯಂತೆ ಊಟಕ್ಕೆ ಒಂದು ತಾಸು ಮೊದಲೇ ನುಂಗುತ್ತಿದ್ದ ಸಂಗತಿ ಹೊರಬಿತ್ತು. ಊಟದ ಜೊತೆಗೇ ಕೊಟ್ಟ ಮೇಲೆ ಭೇದಿ ನಿಂತಿತು. ಅಂದಿನಿಂದ ಲಗಮವ್ವನೇ ಗುಳಿಗೆ ಹಿಡಿದು ಎದುರಿಗೆ ಕೂರತೊಡಗಿದಳು: ಎರಡು ತುತ್ತು, ಆಮೇಲೆ ಗುಳಿಗೆ, ಮತ್ತೆ ತುತ್ತು.

ನಡೆಯುವುದು ಅವನಿಗೆ ಬೇಸರ. "ನನ್ನ ಕಡೆ ಸರ್ಕಸ್ ಮಾಡಸಾಕ್ಹತ್ತೀರಿ," ಎಂದು ಗೊಣಗುತ್ತಿದ್ದ. ಆದರೂ ಗೋಡೆ ಹಿಡಿದು ಬಾಗಿಲತನಕ, ಹತ್ತು ದಿನದ ಮೇಲೆ ಓಣಿಯ ಬೇವಿನ ಗಿಡದತನಕ ಹೋದ. ಬಾವು ಇಳಿಯಿತು. ಆಗ ಕಾಲುಗಳು ಮೊದಲಿಗಿಂತ ಸಣ್ಣಗೆ ಕಂಡವು. ಸಂಗವ್ವ ಈ ಸಲ ಹೆದರಲಿಲ್ಲ.

ಮನೆಗೆ ಬಂದ ಏಳನೆಯ ವಾರ. ಹೊರಸಿನ ಅಂಚಿಗೆ ಕುಳಿತಿದ್ದ ಅಂದಪ್ಪ ಗಟ್ಟಿಯಾಗಿ ಕೆಮ್ಮಿ, ಗಂಟಲು ಸರಿಮಾಡಿಕೊಂಡು, ಏಳಲು ಮುಂದೆ ಬಾಗಿದ. ಲಗಮವ್ವ ಥಟ್ಟನೆ ಅವನ ಕಂಕುಳಿಗೆ ಕೈ ಹಾಕಿದಳು.

"ಕೈ ತಗಿ ಯವ್ವಾ. ನಾ ಏಳತೇನಿ."

ಅವಳು ಕೈ ತೆಗೆದಳು. ಅವನ ತೊಡೆಗಳು ನಡುಗಿದವು. ಅರ್ಧಕ್ಕೆ ಎದ್ದು ಕುಸಿದು ಕುಳಿತ. ಎರಡನೆಯ ಸಲ, ಏನನ್ನೂ ಹಿಡಿಯದೆ, ನೆಟ್ಟಗೆ ಎದ್ದು ನಿಂತ.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ದೊಡ್ಡ ಆಪರೇಶನ್ ಆದವರು ಇರಬಹುದು. ಅವರನ್ನು ಮನೆಗೆ ಕರೆತರುವ ಮುಂಚೆ ಡಾಕ್ಟರನ್ನು ನಿಲ್ಲಿಸಿ ಕೇಳಿ: ಏನು ಉಣಿಸಬೇಕು, ಎಷ್ಟು ಸಲ, ಗುಳಿಗೆ ಯಾವಾಗ, ಎಷ್ಟು ನಡೆಸಬೇಕು. ಚೀಟಿ ಓದಲು ಬರದಿದ್ದರೆ ಓದಿಸಿಕೊಳ್ಳಿ; ಅದರಲ್ಲಿ ನಾಚಿಕೆಯಿಲ್ಲ. ಕಾಲು ಬಾತರೆ, ಜ್ವರ ಬಂದರೆ, ದಮ್ಮು ಹತ್ತಿದರೆ, ಭೇದಿ ನಿಲ್ಲದಿದ್ದರೆ, ಆಮೇಲೆ ನೋಡೋಣ ಎನ್ನದೆ ತೋರಿಸಿ. ಪ್ರೀತಿಯಿಂದಲೇ ನಾವು ಅವರನ್ನು ಮಲಗಿಸುತ್ತೇವೆ, ಪ್ರೀತಿಯಿಂದಲೇ ಬರೀ ಗಂಜಿ ಕುಡಿಸುತ್ತೇವೆ. ಅದೇ ಪ್ರೀತಿಯಿಂದ ಒಂದು ಬಟ್ಟಲು ಬೇಳೆ ಕೊಡಿ, ಪಕ್ಕದಲ್ಲಿ ನಿಂತು ನಾಲ್ಕು ಹೆಜ್ಜೆ ನಡೆಸಿ.