ಅರ್ಧ ಊಟದ ಬಾತುಕೋಳಿ

೧

ಈ ಕಥೆಯನ್ನು ಹಲ್ಲಿನಿಂದ ಶುರುಮಾಡಲೋ ಬಾತುಕೋಳಿಯಿಂದ ಶುರುಮಾಡಲೋ ಎಂದು ಮೂರು ವಾರದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಬಾತುಕೋಳಿಗೆ ಹಲ್ಲಿಲ್ಲ, ಹಾಗಾಗಿ ಎರಡನ್ನೂ ಒಂದೇ ವಾಕ್ಯದೊಳಗೆ ತರುವುದು ಕಷ್ಟ. (ತಂದೇಬಿಟ್ಟೆನಲ್ಲ! ಒಂದು ಪೀಡೆ ಕಳೆಯಿತು.)

ಹಲ್ಲು ನನ್ನದು. ಬಳ್ಳಾರಿ ಕಂಟೋನ್ಮೆಂಟಿನ ಬಾಡಿಗೆ ಮನೆಯಲ್ಲಿ ಕೂತು ಮಂಡಕ್ಕಿಯ ಒಗ್ಗಾಣಿ ತಿನ್ನುವಾಗ, ಅದರೊಳಗೆ ಅವಿತಿದ್ದ ಒಂದು ಕಲ್ಲು ಕಡಿದು ಮುರಿಯಿತು. ಡಾಕ್ಟರು ಅಳತೆ ತೆಗೆದು, ಬಣ್ಣ ಹೊಂದಿಸಿಕೊಂಡು ಬನ್ನಿ ಎಂದು ನನ್ನನ್ನೇ ಹಲ್ಲು ತಯಾರಿಸುವ ಲ್ಯಾಬಿಗೆ ಕಳಿಸಿದರು. ಅಲ್ಲಿದ್ದವಳು ಸಂಘಮಿತ್ರಾ, ಮೂವತ್ತೆಂಟರ ಟೆಕ್ನಿಷಿಯನ್. ನನ್ನ ಬಾಯಿಗೆ ಟಾರ್ಚು ಬಿಟ್ಟು, "ಚಾ ಭಾಳ ಕುಡಿತೀರಿ ಸರ್," ಎಂದಳು. ಉತ್ತರ ಕೊಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ಅವಳ ಮೇಜಿನ ಮೇಲೆ ಪ್ಲಾಸ್ಟರಿನ ದವಡೆಗಳ ನಡುವೆ ಒಂದು ಮರದ ಬಾತುಕೋಳಿ ಕೂತಿತ್ತು. ರೆಕ್ಕೆ, ಕೊಕ್ಕು, ಬಾಲದ ಸುರುಳಿ ಎಲ್ಲ ಇತ್ತು. ಕಣ್ಣು ಮಾತ್ರ ಇರಲಿಲ್ಲ.

ಕಥೆ ಇಲ್ಲಿಂದ ಶುರು ಎಂದಿಟ್ಟುಕೊಳ್ಳಿ. ಸರಿಹೋಗದಿದ್ದರೆ ಆಮೇಲೆ ಬದಲಾಯಿಸೋಣ.

೨

ಮೊದಲ ಕರಡು ಹೀಗಿತ್ತು: "ಸಂಘಮಿತ್ರಾಳ ಮುತ್ತಜ್ಜ ಬ್ರಿಟಿಷರ ಕಾಲದಲ್ಲಿ ಕಂಟೋನ್ಮೆಂಟಿನ ದೊರೆಗಳಿಗೆ ಮರದ ಬಾತುಕೋಳಿ ಕೆತ್ತಿಕೊಡುತ್ತಿದ್ದ. ಅದನ್ನು ಕೆರೆಗೆ ಬಿಟ್ಟರೆ ನಿಜವಾದ ಬಾತುಗಳು ತಮ್ಮದೇ ಬಳಗವೆಂದು ನಂಬಿ ಇಳಿಯುತ್ತಿದ್ದವು. ದೊರೆ ಬಂದೂಕು ಎತ್ತುತ್ತಿದ್ದ..." ಇತಿಹಾಸ, ವಂಚನೆ, ರಕ್ತ. ವಿಮರ್ಶಕರಿಗೆ ಹೋಳಿಗೆ ಊಟ. ಖುಷಿಯಿಂದ ಅವಳಿಗೆ ವಾಟ್ಸಪ್ ಮಾಡಿದೆ. ವಾಯ್ಸ್ ಮೆಸೇಜು ಬಂತು.

"ಸರ್, ನಮ್ಮ ಮುತ್ತಜ್ಜ ಎಮ್ಮಿ ಕಾಯ್ತಿದ್ನಂತ್ರಿ. ಅದೂ ನಮ್ಮವಲ್ಲ, ಮಂದಿ ಎಮ್ಮಿ. ನಾ ಇದನ್ನ ಯೂಟ್ಯೂಬಿನ್ಯಾಗ ನೋಡಿ ಕಲ್ತೀನಿ. ಯಾವುದೋ ದೇಶದ ಮುದುಕ ಒಬ್ಬಾಂವ ಕೆತ್ತತಿದ್ದ, ಚಲೋ ಅನಿಸ್ತು, ನಾನೂ ಕೆತ್ತಿದೆ. ಅಷ್ಟ."

"ಕಥೆಯಲ್ಲಿ ಬರುವವರಿಗೆ ಒಳಗೊಂದು ಗಾಯ ಇರಬೇಕಾಗುತ್ತದಮ್ಮ," ಎಂದು ಬರೆದೆ.

ಬ್ಯಾಂಡೇಜು ಸುತ್ತಿದ ಹೆಬ್ಬೆರಳಿನ ಫೋಟೋ ಬಂತು. ಕೆಳಗೆ: "ಉಳಿ ಜಾರಿತ್ರಿ. ಸಾಕೇನ್ರಿ?"

ಮುತ್ತಜ್ಜನನ್ನು ಕರಡಿನಿಂದ ಹೊಡೆದುಹಾಕಿದೆ. ಅವನು ಎಮ್ಮೆಗಳ ಹಿಂದೆ ಹೋದ. ಎಲ್ಲಿದ್ದರೂ ಚೆನ್ನಾಗಿರಲಿ.

೨ (ಮತ್ತೊಮ್ಮೆ, ಈ ಸಲ ನಿಜ)

ಭಾನುವಾರ ಬಂತೆಂದರೆ ಸಂಘಮಿತ್ರಾ ಸಿರುಗುಪ್ಪ ರಸ್ತೆಯ ಸಾಮಿಲ್ಲಿಗೆ ಹೋಗಿ ಮಾವಿನ ಕಟ್ಟಿಗೆಯ ತುಂಡು ಆರಿಸಿ ತರುತ್ತಾಳೆ. ಗಂಡ ದುರ್ಗೇಶನ ಟೈರ್ ಅಂಗಡಿಯ ಹಿಂದೆ, ಹಳೇ ಟ್ರ್ಯಾಕ್ಟರ್ ಟೈರಿನ ಮೇಲೆ ಕೂತು ಕೆತ್ತುತ್ತಾಳೆ. ದೊಡ್ಡ ಕೆಲಸಕ್ಕೆ ಉಳಿ. ಗರಿಯ ಗೆರೆಗಳಿಗೆ ಹಲ್ಲಿನ ಮೇಣ ಕೊರೆಯುವ ಸಣ್ಣ ಚಾಕು. ಹೊಟ್ಟು ಹಾರಿ ಅವಳ ಕೂದಲಲ್ಲಿ ಕೂರುತ್ತದೆ. ಆ ಮೂರು ತಾಸು ಅವಳಿಗೆ ಫೋನೂ ಬೇಡ, ಚಹಾವೂ ಬೇಡ, ಕಥೆಗಾರನಂತೂ ಬೇಡವೇ ಬೇಡ.

ಮೊದಮೊದಲು ಕೆತ್ತಿದವನ್ನು ನೀರಿನ ಟಬ್ಬಿಗೆ ಬಿಟ್ಟರೆ ಪಕ್ಕಕ್ಕೆ ಉರುಳಿ ಮಲಗಿಬಿಡುತ್ತಿದ್ದವು. ದುರ್ಗೇಶ ಹೊಟ್ಟೆ ಹಿಡಿದುಕೊಂಡು ನಕ್ಕ. ನಕ್ಕು ಮುಗಿದ ಮೇಲೆ, ಕಾರಿನ ಗಾಲಿ ಬ್ಯಾಲೆನ್ಸ್ ಮಾಡಲು ಹಚ್ಚುವ ಸೀಸದ ತುಂಡೊಂದನ್ನು ತಂದು ಬಾತಿನ ಹೊಟ್ಟೆಯ ಕೆಳಗೆ ಬಡಿದ. ಅದು ನೆಟ್ಟಗೆ ತೇಲಿತು. "ಕಾರಿಗಿ ನಾಕು ಗಾಲಿ, ಇದಕ್ಕ ಒಂದ ಹೊಟ್ಟಿ. ಹಗುರ ಕೆಲಸ ಬಿಡು," ಎಂದು ಕೈ ಒರೆಸಿಕೊಂಡ.

(ಹೀಗೆ ಹಕ್ಕಿಯನ್ನು ಕರೆಯಲೆಂದು ಇಡುವ ಹಕ್ಕಿಗೆ ಹಳಗನ್ನಡದಲ್ಲಿ 'ದೀವ' ಎಂಬ ಚಂದದ ಮಾತಿದೆ ಎಂದು ಅವಳಿಗೆ ತಿಳಿಸಿದೆ. "ಡಿಕಾಯ್ ಅಂದ್ರ ಸಾಕ್ರಿ ಸರ್, ಎಲ್ಲಾರಿಗೂ ತಿಳಿತೈತಿ," ಎಂದಳು. ನನ್ನ ಎಂ.ಎ. ಪದವಿ ಅಲ್ಲಿಗೆ ನೀರುಪಾಲು.)

ಇಷ್ಟೆಲ್ಲ ಯಾಕೆ ಎಂದು ಕೇಳಿದೆ. ಅವಳು ನನ್ನ ಹೊಸ ಹಲ್ಲನ್ನು ಬೆಳಕಿಗೆ ಹಿಡಿದು ಉಜ್ಜುತ್ತಲೇ ಹೇಳಿದಳು:

"ಹದಿನಾಕು ವರ್ಷಾತ್ರಿ ಹಲ್ಲು ಮಾಡಾಕ ಹತ್ತಿ. ಚಲೋ ಮಾಡಿದ್ರ ಯಾರಿಗೂ ಗೊತ್ತಾಗಂಗಿಲ್ಲ. ಗೊತ್ತಾದ್ರ ಅದು ಕೆಟ್ಟೈತಿ ಅಂತ ಅರ್ಥ. ಬಾತೂ ಹಂಗ. ನೋಡಿದ ಮಂದಿ ಛಂದೈತಿ ಅಂತಾರ, ಅದು ನನಗ ಬ್ಯಾಡ್ರಿ. ಒಂದು ಖರೇ ಬಾತುಕೋಳಿ, ಒಂದ ಸಲ, ನಾ ಮಾಡಿದ್ದರ ಬಾಜೂಕ ಬಂದು ನಿಂದ್ರಬೇಕು. ಇದು ನಮ್ಮದು ಅಂತ ಅದಕ್ಕ ಅನಿಸಬೇಕು."

ಓದುಗರೇ, ಇಡೀ ಕಥೆಯಲ್ಲಿ ಇರುವುದು ಈ ಒಂದು ಆಸೆ. ಬೇರೆ ಏನನ್ನೂ ಹುಡುಕಬೇಡಿ, ನಾನು ಇಟ್ಟಿಲ್ಲ.

೩

ಆಸೆಗೆ ಅಡ್ಡಿ ಹುಲುಗಮ್ಮ, ದುರ್ಗೇಶನ ತಾಯಿ. ತವರು ಕುರುಗೋಡು. ಆಕೆಯ ತವರಿನ ಕಡೆ ದೇವರ ಮೂರ್ತಿ ಮಾಡಿದರೆ ಕಣ್ಣು ಇಡುವುದು ಎಲ್ಲಕ್ಕಿಂತ ಕಡೆಗೆ. ಕಣ್ಣು ಇಟ್ಟ ಗಳಿಗೆಯಿಂದ ಅದು ಮನೆಯ ಮಂದಿ. ಅದನ್ನು ಉಪವಾಸ ಕೆಡವುವಂತಿಲ್ಲ. ಸಂಘಮಿತ್ರಾ ತನ್ನ ಮೊಟ್ಟಮೊದಲ ಬಾತಿಗೆ ಇದೇನೂ ತಿಳಿಯದೆ ಎರಡು ಕಣ್ಣು ಬರೆದುಬಿಟ್ಟಿದ್ದಳು. ಮರುದಿನ ಮಧ್ಯಾಹ್ನ ನೋಡುತ್ತಾಳೆ, ಬಾತಿನ ಮುಂದೆ ಸಣ್ಣ ತಟ್ಟೆ, ತಟ್ಟೆಯಲ್ಲಿ ಅನ್ನ.

"ಅತ್ತಿ, ಅದು ಕಟ್ಟಿಗಿ!"

"ಕಣ್ಣು ಬಿಟ್ಟು ನೋಡಾಕ ಹತ್ತೈತಲ್ಲವಾ. ನೋಡೋರ ಮುಂದ ನಾ ಒಬ್ಬಾಕಿನ ಹೆಂಗ ಉಣ್ಣಲಿ?"

ಅಂದಿನಿಂದ ಮೂರು ವರ್ಷ, ಒಂದು ದಿನ ತಪ್ಪಿಲ್ಲ. ಕುರುಗೋಡಿನಲ್ಲಿ ಮದುವೆ ಬಂದರೆ ಬಾತು ಕೈಚೀಲದಲ್ಲಿ ಬಸ್ಸು ಹತ್ತಿತು. ಕಂಡಕ್ಟರು ಇಣುಕಿ, "ಏನಮ್ಮ, ಕೋಳಿಗೆ ಅರ್ಧ ಟಿಕೆಟ್ ಐತಿ," ಎಂದು ಚೇಷ್ಟೆ ಮಾಡಿದ. "ಹರಿ, ಟಿಕೆಟ್ ಹರಿ. ನಾವೇನು ಪುಕ್ಕಟ ಹೊಂಟಿಲ್ಲ," ಎಂದು ಹುಲುಗಮ್ಮ ಟಿಕೆಟ್ಟು ಕೊಂಡೇ ಕೂತಳು. (ಆ ಟಿಕೆಟ್ಟನ್ನು ನಾನು ಕಣ್ಣಾರೆ ನೋಡಿದ್ದೇನೆ. ಕಥೆಗಾರನ ಮಾತು, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು.) ಮದುವೆ ಊಟದ ಪಂಕ್ತಿಯಲ್ಲಿ ಬಾತಿಗೊಂದು ಎಲೆ ಬಿತ್ತು.

ಅನ್ನ ಇಟ್ಟ ಮೊದಲ ದಿನವೇ ಹುಲುಗಮ್ಮ ಒಂದೇ ಮಾತು ಹೇಳಿದ್ದಳು: "ಕೆತ್ತು ಮಗಳ, ನೂರು ಕೆತ್ತು. ಕಣ್ಣು ಮಾತ್ರ ಇಡಬ್ಯಾಡ. ಮನ್ಯಾಗ ಒಂದು ಬಾಯಿ ಹೆಚ್ಚಾಗಿದ್ದು ಸಾಕು." ಹಾಗಾಗಿ ಉಳಿದ ಹನ್ನೊಂದು ಬಾತುಗಳು, ಲ್ಯಾಬಿನ ಮೇಜಿನ ಮೇಲೆ ಒಂದು, ಮನೆಯ ಶೋಕೇಸಿನಲ್ಲಿ ಹತ್ತು, ಕುರುಡಾಗಿ ಕೂತಿವೆ. ಕಣ್ಣಿರುವ ಒಂದು ಬಾತು ಮೊದಲ ಪ್ರಯತ್ನದ್ದು, ಅರ್ಧ ಕೋಳಿಯ ಹಾಗೆ ಅರ್ಧ ಚಪ್ಪಲಿಯ ಹಾಗೆ ಕಾಣುತ್ತದೆ. ಅದನ್ನು ಕಂಡು ಯಾವ ಬಾತುಕೋಳಿಯೂ ಮೋಸ ಹೋಗದು.

ಅತ್ತೆಗೆ ಕಾಣದಂತೆ ಕಣ್ಣು ಇಡಬಹುದಿತ್ತಲ್ಲ ಎನ್ನುತ್ತೀರಿ. ನಾನೂ ಅಂದೆ. ಆಗ ತಿಳಿಯಿತು, ಹುಲುಗಮ್ಮನ ಬಾಯಲ್ಲಿರುವ ಹಲ್ಲಿನ ಪೂರ್ತಿ ಸೆಟ್ಟು ಸೊಸೆಯೇ ಮಾಡಿದ್ದು. ಆ ಹಲ್ಲು ಮಾಡುವ ವಿದ್ಯೆ ಕಲಿಯಲು, ಮದುವೆಯಾದ ಮೇಲೆ, ಸೊಸೆಯನ್ನು ಕಾಲೇಜಿಗೆ ಕಳಿಸಿದವಳು ಅತ್ತೆಯೇ. ಜ್ವರ ಬಂದು ಮೇಲೇಳಲಾಗದ ದಿನವೂ ಗೋಡೆ ಹಿಡಿದು ಬಂದು ಬಾತಿಗೆ ಅನ್ನ ಇಟ್ಟವಳನ್ನು ಸಂಘಮಿತ್ರಾ ನೋಡಿದ್ದಾಳೆ. ಅವಳಿಗೆ ಅತ್ತೆ ಎಂದರೆ ಪ್ರಾಣ. ಆ ಬಾಯಿಂದ ಬಂದ ಮಾತನ್ನು ಮೀರುವುದು ಅವಳಿಂದಾಗದು.

೪

(ಇಲ್ಲಿ ಅತ್ತೆ ಸೊಸೆ ಜಗಳದ ಎರಡು ಪುಟಗಳಿದ್ದವು. ಇಬ್ಬರೂ ಜಗಳವಾಡಲು ಒಪ್ಪಲಿಲ್ಲ. ಸೀರಿಯಲ್ಲಿನವರಿಗೆ ಕೊಟ್ಟುಬಿಟ್ಟೆ.)

೫

ಸಿರುಗುಪ್ಪದ ಕಡೆ ಭತ್ತದ ಕೊಯ್ಲು ಮುಗಿದ ಮೇಲೆ, ಆಂಧ್ರದ ಕಡೆಯಿಂದ ಬಾತು ಮೇಯಿಸುವವರು ಬರುತ್ತಾರೆ. ಗದ್ದೆಯಲ್ಲಿ ಉದುರಿದ ಕಾಳಿಗೆ, ಹುಳಹುಪ್ಪಡಿಗೆ ನೂರಾರು ಬಾತುಗಳನ್ನು ಬಿಡುತ್ತಾರೆ. ಈ ಸಲ ಬಂದವನು ಮಾರೇಶ. ಸುದ್ದಿ ತಿಳಿದದ್ದೇ ತಡ, ಭಾನುವಾರ ಬೆಳಿಗ್ಗೆ ದುರ್ಗೇಶ ಗೂಡ್ಸ್ ಆಟೋ ತಂದ. ಮುಂದೆ ಅವನು ಮತ್ತು ತಾಯಿ. ಹಿಂದೆ ಹನ್ನೆರಡನೆಯ ಬಾತನ್ನು ಮಡಿಲಲ್ಲಿಟ್ಟುಕೊಂಡ ಸಂಘಮಿತ್ರಾ, ಮತ್ತು ಸ್ಟೆಪ್ನಿಯ ಮೇಲೆ ನಾನು. ಅವಳು ಇಡೀ ದಾರಿ ಬಾತಿನ ಬೆನ್ನನ್ನು ಸವರುತ್ತಲೇ ಇದ್ದಳು, ಪರೀಕ್ಷೆಗೆ ಹೊರಟವರು ಹಾಲ್ ಟಿಕೆಟನ್ನು ಮುಟ್ಟಿ ಮುಟ್ಟಿ ನೋಡುವ ಹಾಗೆ.

ಕಾಲುವೆಯ ಪಕ್ಕದ ಗದ್ದೆಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ಅದರ ತುಂಬ ಮಾರೇಶನ ಎಂಟುನೂರು ಬಾತುಗಳ ಗದ್ದಲ. ಸಂಘಮಿತ್ರಾ ದಾರ ಕಟ್ಟಿದ ಮರದ ಬಾತನ್ನು ನೀರಿಗೆ ಬಿಟ್ಟಳು. ಎಂಥ ತೇಲು ಅಂತೀರಿ! ಗಾಳಿ ಬಂದರೆ ಸ್ವಲ್ಪ ತಲೆದೂಗಿ ಮತ್ತೆ ನೆಟ್ಟಗೆ. ಹಿಂಡು ಅದರ ಕಡೆಗೇ ಈಜಿ ಬಂತು. ಅವಳು ನನ್ನ ತೋಳು ಹಿಡಿದುಕೊಂಡಳು. ಎರಡು ಮಾರು ದೂರಕ್ಕೆ ಬಂದ ಹಿಂಡು ಸೀಳಿ ಎರಡಾಯಿತು, ಮರದ ಬಾತನ್ನು ಬಳಸಿ ಆಚೆ ಹೋಗಿ ಮತ್ತೆ ಒಂದಾಯಿತು. ಮೂರು ಸಲ ಹೀಗೇ ಆಯಿತು.

ಮಾರೇಶ ಬಂದು ನೋಡಿ, "ಚಾಲಾ ಬಾಗುಂದಿ ಅಕ್ಕಾ," ಎಂದು ತೆಲುಗಿನಲ್ಲೇ ಮೆಚ್ಚಿಕೊಂಡ. "ಬಾತು ಅಂದ್ರ ಬಾತು. ಆದ್ರ ಕಣ್ಣಿಲ್ಲ ನೋಡ್ರಿ. ಕಣ್ಣಿಲ್ಲದ್ದು ಸತ್ತೈತಿ ಅಂತ ತಿಳ್ಕಂತಾವ ಇವು."

ಸಂಘಮಿತ್ರಾ ದಾರ ಸುತ್ತತೊಡಗಿದಳು. ಅವಳ ಮುಖ ನೋಡಲಾಗಲಿಲ್ಲ. ನಾನು ನೋಡಲಿಲ್ಲ, ಹುಲುಗಮ್ಮ ನೋಡಿದಳು.

"ಏನಂದಿ? ಸತ್ತದ್ದಾ?" ಆಕೆ ಮಾರೇಶನ ಮೇಲೆ ಹರಿಹಾಯ್ದಳು. "ನನ್ನ ಸೊಸಿ ಕೈಯಾಗ ಹುಟ್ಟಿದ್ದು ಸತ್ತದ್ದೇನಲೇ? ತಾರವಾ ಅದನ್ನ ಇಲ್ಲೆ."

ಸೆರಗಿನಿಂದ ಬಾತಿನ ತಲೆ ಒರೆಸಿದಳು. ಎಲೆಯಡಿಕೆ ಚೀಲದಿಂದ ಸುಣ್ಣದ ಡಬ್ಬಿ ತೆಗೆದು, ಬೆರಳ ತುದಿಯಿಂದ ಬಲಗಡೆ ಒಂದು ಬೊಟ್ಟು ಇಟ್ಟಳು. ದುರ್ಗೇಶನಿಂದ ಬೆಂಕಿಕಡ್ಡಿ ಗೀರಿಸಿ, ಸುಟ್ಟ ತುದಿಯಿಂದ ಅದರ ನಡುವೆ ಕಪ್ಪು ಚುಕ್ಕೆ. ಬಾತು ಥಟ್ಟನೆ ನಮ್ಮನ್ನೆಲ್ಲ ನೋಡಿತು. ಹುಲುಗಮ್ಮ ಡಬ್ಬಿ ಮುಚ್ಚಿದಳು.

"ಇನ್ನೊಂದು, ಅತ್ತಿ?"

"ಒಂದ ಸಾಕು. ಒಂದು ಕಣ್ಣಿಗೆ ಅರ್ಧ ಊಟ. ಅರ್ಧ ನಾ ಹೆಂಗರ ಹೊಂದಿಸ್ತೀನಿ."

ಮಾರೇಶ ನಗುತ್ತ, "ಸರಿ ಐತಿ ಬಿಡವ್ವಾ. ಬಾತು ಮಲಗೋದೂ ಹಂಗ. ಒಂದು ಕಣ್ಣು ಮುಚ್ಚತೈತಿ, ಒಂದು ತೆರದಿರತೈತಿ," ಎಂದ.

೬, ಮುಕ್ತಾಯ ಅ

ಎಂಟುನೂರು ಬಾತುಗಳೂ ಬಂದು ಮರದ ಬಾತನ್ನು ಸುತ್ತುವರಿದವು. ಸೂರ್ಯ... (ಬೇಡ. ಸೂರ್ಯ ಬಂದ ಅಂದರೆ ನಾನು ಸುಳ್ಳು ಹೇಳುತ್ತಿದ್ದೇನೆ ಎಂದೇ ತಿಳಿಯಿರಿ.)

ಮುಕ್ತಾಯ ಆ

ಒಂದೂ ಬರಲಿಲ್ಲ. ಆದರೆ ಕೆತ್ತುವುದರಲ್ಲೇ ಸುಖವಿದೆ, ಫಲದಲ್ಲಲ್ಲ ಎಂದು ಸಂಘಮಿತ್ರಾ ಕಲಿತಳು.

ಇದಕ್ಕೆ ಬಂದ ವಾಯ್ಸ್ ಮೆಸೇಜು: "ಸರ್, ನಾ ಏನೂ ಕಲಿಲಿಲ್ರಿ. ನನಗ ಬಾತುಕೋಳಿ ಬರಬೇಕಿತ್ತು."

ನಡೆದದ್ದು

ಮರದ ಬಾತು ಮತ್ತೆ ನೀರಿಗಿಳಿಯಿತು. ಹುಲುಗಮ್ಮ ಸುಮ್ಮನೆ ಕೂರುವವಳಲ್ಲ. ಕಣ್ಣು ಇಟ್ಟಾಗಿದೆ, ಹೊತ್ತು ನೆತ್ತಿಗೆ ಬರುತ್ತಿದೆ. ಬುತ್ತಿ ಡಬ್ಬಿ ಬಿಚ್ಚಿ ಒಂದು ಹಿಡಿ ಅನ್ನ ತೆಗೆದಳು, ಅದರಲ್ಲಿ ಅರ್ಧವನ್ನು ಡಬ್ಬಿಗೇ ಹಾಕಿದಳು, ಉಳಿದರ್ಧವನ್ನು ಮರದ ಬಾತಿನ ಮುಂದೆ ನೀರಿಗೆ ತೂರಿದಳು.

ಆಹಾ! ನಲವತ್ತೋ ಐವತ್ತೋ ಬಾತುಗಳು, ಒಂದನ್ನೊಂದು ತುಳಿದುಕೊಂಡು, ಬೈದುಕೊಂಡು ಬಂದವು. ಮರದ ಬಾತು ಅವುಗಳ ನಡುವೆ ಗುದ್ದು ತಿಂದು ಗಿರಕಿ ಹೊಡೆಯಿತು, ಪಕ್ಕದವರಿಗೆ ತಿರುಗಿ ಗುದ್ದಿತು. ಒಂದಂತೂ ಅದರ ಬೆನ್ನ ಮೇಲೆ ಕತ್ತು ಚಾಚಿ ಆಚೆಯ ಅಗುಳು ಹೆಕ್ಕಿತು. ಸಂಘಮಿತ್ರಾ ಚೂಡಿದಾರದ ಸಮೇತ ನೀರಿಗಿಳಿದು, "ಬಂದ್ವು! ಅತ್ತಿ, ಬಂದ್ವು!" ಎಂದು ಚಪ್ಪಾಳೆ ತಟ್ಟಿ ಕುಣಿದಳು.

"ಅನ್ನಕ್ಕ ಬಂದ್ವು," ಎಂದ ದುರ್ಗೇಶ.

"ಊಟಕ್ಕ ಕರದ್ರ ಬರೋರು ನೆಂಟರಲ್ಲೇನೋ?" ಎಂದಳು ಹುಲುಗಮ್ಮ.

ಅನ್ನ ಮುಗಿಯಿತು. ಬಾತುಗಳು ಬಂದ ಹಾಗೇ ಹೊರಟವು. ಒಂದು ಮಾತ್ರ, ಕತ್ತಿನ ಹತ್ತಿರ ಕಂದು ಗರಿಯ ಒಂದು ಬಾತು, ಮರದ ಬಾತಿನ ಬಾಜೂಕ ನಿಂತುಬಿಟ್ಟಿತು. ಕಣ್ಣಿಲ್ಲದ ಎಡಗಡೆ. ಸಂಘಮಿತ್ರಾ ನೀರಿನಲ್ಲಿ ಅಲ್ಲಾಡದೆ ನಿಂತಳು. ಅವಳ ಕಣ್ಣಲ್ಲಿ ನೀರು ಬಂದಿತ್ತು, ನಗು ಹಾಗೇ ಇತ್ತು. ಅಗುಳು ಹುಡುಕುತ್ತಿದೆ ಎಂದ ದುರ್ಗೇಶ, ಮೆಲ್ಲಗೆ, ಹಕ್ಕಿಗೆ ಕೇಳಿಸದಂತೆ. ದಂಡೆಯ ಮೇಲೆ ಮಾರೇಶ ಹಿಂಡನ್ನು ಕರೆಯಲು ಬಾಯಿಗೆ ಕೈ ಹಚ್ಚಿದ.

ಮಾರೇಶ, ಒಂದು ನಿಮಿಷ ತಡೆಯಪ್ಪ.

ಯಾಕೆಂದರೆ ಇಲ್ಲಿಯವರೆಗಿನದನ್ನು ಓದಿ ಸಂಘಮಿತ್ರಾ ಹೀಗೆ ಹೇಳಿದ್ದಾಳೆ: "ಅದು ಹೋತು ಅಂತ ಬರಿಬ್ಯಾಡ್ರಿ ಸರ್. ಹೋಗಲಿಲ್ಲ ಅಂತನೂ ಬರಿಬ್ಯಾಡ್ರಿ, ಮಂದಿ ನಂಬಂಗಿಲ್ಲ. ನಿಂತಿತ್ತಲ್ರಿ, ಅಲ್ಲಿಗೇ ಬಿಡ್ರಿ."

ಅವತ್ತು, ಆ ಹೊತ್ತಿಗೆ, ನಾನು ದಂಡೆಯ ಮೇಲೆ ಕೂತು ಟಿಪ್ಪಣಿ ಗೀಚುತ್ತಿದ್ದೆ. ಹುಲುಗಮ್ಮ ಬಗ್ಗಿ ನೋಡಿದಳು.

"ಮುಗೀತೇನು ತಮ್ಮಾ, ನಿನ್ನ ಕಥಿ?"

"ಇಲ್ಲಮ್ಮ. ಅರ್ಧ ಆಗಿದೆ."

"ಹಂಗಾದ್ರ ಅರ್ಧ ಉಣ್ಣು," ಎಂದು ಡಬ್ಬಿಯ ಮುಚ್ಚಳಕ್ಕೆ ಅನ್ನ ಹಾಕಿ ಕೊಟ್ಟಳು.

ಹೊಸ ಹಲ್ಲಿನಿಂದ ಕಡಿದೆ. ಕಲ್ಲಿರಲಿಲ್ಲ. ಬೆನ್ನ ಹಿಂದೆ ಮಾರೇಶ ಹಿಂಡನ್ನು ಕೂಗಿ ಕರೆದ. ತಲೆ ಎತ್ತಿ ನೀರಿನ ಕಡೆ ನೋಡಿದೆ. ಏನು ಕಂಡಿತು ಎಂದು ಹೇಳಲಾರೆ, ಬಾಯಲ್ಲಿ ಅನ್ನವಿತ್ತು.