ಗೋಡೆ ಕಡೆ, ಕಂಬಿ ಕಡೆ

ನೃತ್ಯಶಾಲೆಯ ಆಳೆತ್ತರದ ಕನ್ನಡಿಯನ್ನು ಮೂರನೆಯ ಮಹಡಿಗೆ ಸಾಗಿಸುವ ಕೆಲಸ ನನ್ನ ಮತ್ತು ಭಾವನ ಪಾಲಿಗೆ ಬಂದಿತ್ತು. ಹಿಂದಿನ ದಿನವಷ್ಟೇ ನಾವಿಬ್ಬರೂ ಒಂದು ಗಾಜು ಒಡೆದಿದ್ದೆವು. "ಇದೂ ಒಡೆದ್ರೆ ನಾಳೆಯಿಂದ ಇಬ್ರೂ ಮನೇಲೇ ಇರಿ" ಎಂದು ನಾವು ಕೆಲಸಕ್ಕಿದ್ದ ಗಾಜಿನ ಅಂಗಡಿಯ ಯಜಮಾನರು ಹೇಳಿಬಿಟ್ಟಿದ್ದರು.

ಮೆಟ್ಟಿಲಿನ ಒಂದು ಬದಿಗೆ ಗೋಡೆ, ಇನ್ನೊಂದು ಬದಿಗೆ ಕೈಹಿಡಿಯುವ ಕಂಬಿ. ಮೇಲಿನ ತುದಿ ಹಿಡಿದು ನಾನು ಹಿಮ್ಮುಖವಾಗಿ ಹತ್ತುತ್ತಿದ್ದೆ. ಕೆಳತುದಿ ಹಿಡಿದ ಭಾವ ನನ್ನೆದುರಿಗೆ ಬರುತ್ತಾ ದಾರಿ ಹೇಳುತ್ತಿದ್ದರು.

"ಎಡಕ್ಕೆ!"

ಅವರ ಎಡವೆಂದರೆ ನನ್ನ ಬಲವೆಂದು ಯೋಚಿಸಿ ಬಲಕ್ಕೆ ಸರಿದೆ. ಕನ್ನಡಿಯ ಮೂಲೆ ಗೋಡೆಗೆ ಟಕ್ಕೆಂದು ತಾಗಿತು. ಪುಣ್ಯಕ್ಕೆ ಬಿರುಕು ಬಿಡಲಿಲ್ಲ.

"ಎಡ ಅಂದ್ನಲ್ಲೋ!"

"ನಿಮ್ಮ ಎಡ ಅಂದ್ಕೊಂಡೆ ಭಾವ. ನಿನ್ನೆ ಹಾಗೇ ತಾನೇ ಹೇಳಿದ್ದು?"

"ಹಾಗೆ ಹೇಳಿ ಒಡೀತಲ್ಲ, ಅದಕ್ಕೇ ಇವತ್ತು ನಿನ್ನ ಎಡ ಹೇಳಿದೆ ಮಾರಾಯ!"

ತಪ್ಪು ನನ್ನದೇ ಎನ್ನಲು ಹೊರಟಿದ್ದೆ. ಆದರೆ ಒಬ್ಬರಿಗೊಬ್ಬರು ದಾರಿ ಬಿಡಲು ಹೋಗಿ ಇಬ್ಬರೂ ಹಣೆ ಗುದ್ದಿಕೊಂಡಂತಾಗಿತ್ತು.

"ಎಡ ಬಲ ಬೇಡ ಭಾವ. ಗೋಡೆ ಕಡೆ, ಕಂಬಿ ಕಡೆ ಅನ್ನಿ. ಅದು ಇಬ್ರಿಗೂ ಒಂದೇ."

"ಈ ಬುದ್ಧೀನ ಇಷ್ಟು ದಿನ ಎಲ್ಲಿ ಅಡವಿಟ್ಟಿದ್ದೆ?"

ಮತ್ತೆ ಹತ್ತತೊಡಗಿದಾಗ ಭಾವ "ಕಂಬಿ ಕಡೆ, ಎರಡು ಬೆರಳು" ಎಂದರು. ಸರಿದೆ. ಎರಡನೆಯ ಮಹಡಿ ದಾಟುವಷ್ಟರಲ್ಲಿ "ಗೋಡೆ", "ಕಂಬಿ" ಎಂದರೆ ಸಾಕಾಗುತ್ತಿತ್ತು. ಕೊನೆಯ ತಿರುವಿನಲ್ಲಿ ಭಾವ ಬರೀ ಹುಬ್ಬು ಹಾರಿಸಿದರು. ಕನ್ನಡಿ ಬೆಣ್ಣೆಯಂತೆ ಜಾರಿ ಒಳಗೆ ಹೋಯಿತು.

ಗೋಡೆಗೆ ಬಿಗಿದ ಮೇಲೆ ಅದರಲ್ಲಿ ಬೆವರಿಳಿಯುವ ಇಬ್ಬರು ಹಲ್ಲು ಕಿರಿಯುತ್ತಿದ್ದರು. ಭಾವ ಕಿಟಕಿಯಿಂದ ಬಗ್ಗಿ, ಕೆಳಗೆ ರಸ್ತೆಯಲ್ಲಿ ಕಾಯುತ್ತಿದ್ದ ಯಜಮಾನರಿಗೆ ಕೂಗಿದರು:

"ಯಜಮಾನ್ರೇ, ಇದಕ್ಕಿಂತ ದೊಡ್ಡದಿದ್ರೆ ಕಳ್ಸಿ!"